ಪಾಯಿಂಟ್ ತಿರುಗಿಸಿದ್ರೆ ಸಿಗ್ನಲ್ಲಿಗೆ ಕೋಪ

ನನ್ನ ಮಾಡೆಲ್ ರೈಲಿನ ಸಿಗ್ನಲ್ಲಿಗೆ ಏನೋ ಮೆಟ್ಕೊಂಡಿತ್ತು ಕಣ್ರೀ. ಬಟನ್ ಒತ್ತಿದ್ರೆ ರಿಲೇ, ಅಂದ್ರೆ ಕರೆಂಟಿಂದಲೇ ಆಡೋ ಸ್ವಿಚ್ಚು, ಟಕ್ ಅಂತ ಎಳ್ಕೊಂಡು, ತನ್ನದೇ ಕಾಂಟ್ಯಾಕ್ಟಿಂದ ತನ್ನ ಕಾಯಿಲ್‌ಗೆ ತಾನೇ ಕರೆಂಟ್ ಕೊಟ್ಕೊಂಡು ಕೂರತ್ತೆ, ಹಸಿರು ಬರತ್ತೆ, ರೈಲು ಹೊರಡತ್ತೆ, ಅಲ್ಲೀತನಕ ಎಲ್ಲಾ ಸರಿ. ಆ ಕಡೆ ಮೂಲೇಲಿ ಯಾವುದೋ ಪಾಯಿಂಟ್, ಅದೇ ರೈಲನ್ನ ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸೋ ಜೋಡು, ತಿರುಗಿಸ್ದೆ ಅನ್ನಿ, ಈ ಕಡೆ ಸಿಗ್ನಲ್ಲು ಕೆಂಪು! ಅದೇ ರಿಲೇ ಹಳಿ ಕರೆಂಟೂ ಕಟ್ ಮಾಡೋದ್ರಿಂದ ರೈಲು ಗಕ್ಕನೆ ನಿಲ್ಲತ್ತೆ, ನಿಲ್ಲೋದಾದ್ರೂ ಎಲ್ಲಿ, ಸರಿಯಾಗಿ ಸುರಂಗದ ನಟ್ಟನಡುವೆ, ನನ್ನ ಕೈ ಮೊಣಕೈವರೆಗೆ ಹೋದ್ರೂ ಸಿಗದ ಜಾಗದಲ್ಲಿ.

ಮಲ್ಟಿಮೀಟರ್ ಹಿಡಿದೆ. 12 ವೋಲ್ಟ್. ಪಾಯಿಂಟ್ ತಿರುಗಿಸಿ ನೋಡಿದೆ, ಆಗ್ಲೂ 12. ಎಷ್ಟು ಸಲ ಕೇಳಿದ್ರೂ ಅದೇ ಉತ್ತರ, ನಂಗೇನೂ ಗೊತ್ತಿಲ್ಲ ಅನ್ನೋ ಮುಖ. ಮೇಜಿನ ಕೆಳಗೆ ಅಂಗಾತ ಮಲ್ಕೊಂಡು, ಬಾಯಲ್ಲಿ ಟಾರ್ಚ್ ಕಚ್ಕೊಂಡು, ಕಿವಿ ಹಲಗೆಗೆ ಕೊಟ್ಟಾಗ ಗುಟ್ಟು ಗೊತ್ತಾಯ್ತು. ಪಾಯಿಂಟನ್ನ ತಳ್ಳೋ ಕಾಯಿಲ್, ಅಂದ್ರೆ ಸೊಲೆನಾಯ್ಡ್, ಧಡ್ ಅಂದ ಮರುಕ್ಷಣ ರಿಲೇ ಟಕ್. ಸೊಲೆನಾಯ್ಡ್ ಒಂದೇ ಗುಟುಕಿಗೆ ಕೆಲವು ಆಂಪಿಯರ್ ಎಳೆಯತ್ತೆ, ಅದೇ ಅಡಾಪ್ಟರಿಂದ ಬದುಕ್ತಿರೋ ರಿಲೇಗೆ ಅರೆಕ್ಷಣ ಉಸಿರು ಕಟ್ಟತ್ತೆ, ಹಿಡಿತ ಬಿಡತ್ತೆ, ಆಮೇಲೆ ವೋಲ್ಟೇಜ್ ವಾಪಸ್ ಬಂದ್ರೂ ಬಟನ್ ಒತ್ತೋರಿಲ್ಲದೆ ಅದು ಎದ್ದೇಳಲ್ಲ. ಮೀಟರ್ ಪಾಪ, ಸೆಕೆಂಡಿಗೆ ಎರಡ್ಮೂರು ಸಲ ಕಣ್ಣು ಬಿಡೋದು, ಕಳ್ಳ ಬಂದು ಹೋಗಿದ್ದು ಅದಕ್ಕೆಲ್ಲಿ ಕಾಣತ್ತೆ.

ರಿಲೇನ ಬೈಯೋಕೂ ಆಗಲ್ಲ ನೋಡಿ. ನಿಜವಾದ ರೈಲ್ವೇಲೂ ರಿಲೇಗೆ ಕರೆಂಟ್ ಹೋದ್ರೆ ಸಿಗ್ನಲ್ ಕೆಂಪಾಗ್ಲೇಬೇಕು, ನಿಯಮ ಅದೇ. ನಮ್ಮನೇಲಿ ಇಷ್ಟು ಶಿಸ್ತಿರೋದು ಇದೊಂದಕ್ಕೇ ಅನ್ಸತ್ತೆ.

ಪಾಯಿಂಟುಗಳಿಗೆ ಬೇರೆ ಸಪ್ಲೈ ಕೊಟ್ಟು, ನಡುವೆ ಒಂದು ಕೆಪಾಸಿಟರ್ ಯೂನಿಟ್ ಹಾಕ್ದೆ. ಅದು ನಿಧಾನಕ್ಕೆ ತುಂಬ್ಕೊಂಡು, ಕೇಳಿದಾಗ ಒಟ್ಟಿಗೇ ಸುರಿಯತ್ತೆ. ಈಗ ಯಾವ ಪಾಯಿಂಟ್ ಕುಟ್ಟಿದ್ರೂ ಹಸಿರು ಹಸಿರೇ.

ಸಂಭ್ರಮದಲ್ಲಿ ಫುಲ್ ಸ್ಪೀಡಲ್ಲಿ ಬಿಟ್ರೆ ಮೊದಲ ಪಾಯಿಂಟಲ್ಲೇ ಇಂಜಿನ್ ಮಗುಚ್ಕೊಳ್ತು. ಎತ್ತಿ ನೋಡ್ತೀನಿ, ಅಯಸ್ಕಾಂತ ಹತ್ರ ಬಂದ್ರೆ ಆಡೋ ರೀಡ್ ಸ್ವಿಚ್‌ಗೋಸ್ಕರ ಹೊಟ್ಟೆಗೆ ಅಂಟಿಸಿರೋ ಅಯಸ್ಕಾಂತಕ್ಕೆ ನಾನು ಮನೆಯೆಲ್ಲಾ ಹುಡುಕ್ತಿದ್ದ ಸ್ಕ್ರೂ ನೇತಾಡ್ತಿತ್ತು.