ಟೊಂಬಾ ಪಾರ್ಟಿ ಮಾಡ್ಕೊಂಡೇ ಗೆದ್ದನಂತೆ!

ಈಗಷ್ಟೇ ಒಂದು ರೀಲ್ ನೋಡಿದೆ. ‘ರಾತ್ರಿಯೆಲ್ಲಾ ಪಾರ್ಟಿ, ಬೆಳಗ್ಗೆ ಚಿನ್ನ. ಇಟಲಿಯ ಪ್ಲೇಬಾಯ್ ಆಲ್ಬರ್ಟೊ ಟೊಂಬಾ!’ ಅಂತ ಶುರು. ಕೊನೆಗೆ ‘ಟ್ಯಾಲೆಂಟ್ ಇದ್ರೆ ಪ್ರಾಕ್ಟೀಸ್ ಯಾಕೆ ಗುರೂ’ ಅಂತ ಡೈಲಾಗು. ಕೆಳಗೆ ಬೆಂಕಿ ಇಮೋಜಿಗಳ ಜಾತ್ರೆ. ಚಳಿಗಾಲ ಬಂದ್ರೆ ನಾನು ಸ್ಕೀಯಿಂಗ್ ಹೆಸರಲ್ಲಿ ನಿಮ್ಮ ತಲೆ ತಿನ್ನೋದು ನಿಮಗೆಲ್ಲ ಗೊತ್ತಿರೋದೇ. ಇವತ್ತೂ ಸಹಿಸ್ಕೊಳ್ಳಿ, ಇದು ನುಂಗೋಕೆ ಆಗ್ತಿಲ್ಲ.

ಟೊಂಬಾ ಎಂಬತ್ತು-ತೊಂಬತ್ತರ ದಶಕದ ಸ್ಕೀ ಓಟಗಾರ, ಅವನ ಮುಖ್ಯ ಕಸುಬು ಸ್ಲಾಲಮ್, ಅಂದ್ರೆ ಹಿಮದಲ್ಲಿ ನೆಟ್ಟ ಕಂಬಗಳ (ಇವಕ್ಕೇ ಗೇಟು ಅಂತಾರೆ) ನಡುವೆ ಅಂಕುಡೊಂಕಾಗಿ ಇಳಿಯೋದು. ಗಂಡಸರ ಸ್ಲಾಲಮ್‌ನಲ್ಲಿ ಶುರುವಿನಿಂದ ಕೊನೆಗೆ ಬೆಟ್ಟ ಇಳಿಯೋದು ಸುಮಾರು 200 ಮೀಟರ್, ಅಷ್ಟರೊಳಗೆ ಅರವತ್ತು ಚಿಲ್ಲರೆ ಗೇಟು. ಸುಮಾರು ಒಂದು ನಿಮಿಷದಲ್ಲಿ ಮುಗೀಬೇಕು. ಹೆಚ್ಚೂಕಮ್ಮಿ ಸೆಕೆಂಡಿಗೊಂದು ತಿರುವು. ಹೀಗೆ ಎರಡು ರನ್, ಎರಡರ ಸಮಯ ಕೂಡಿಸಿ ಫಲಿತಾಂಶ. ಮೊದಲ ರನ್ ಆದ ಮೇಲೆ ಗೇಟುಗಳನ್ನೆಲ್ಲ ಕಿತ್ತು ಬೇರೆ ಥರ ನೆಡ್ತಾರೆ. ಹೊಸ ದಾರಿಯಲ್ಲಿ ಒಂದು ಸಲ ಓಡಿ ನೋಡ್ತೀನಿ ಅಂದ್ರೆ ಬಿಡಲ್ಲ. ಪಕ್ಕದಲ್ಲಿ ಅಡ್ಡಡ್ಡ ಜಾರ್ತಾ, ಯಾವ ಗೇಟು ಎಲ್ಲಿದೆ, ಎಲ್ಲಿ ಇಳಿಜಾರು ಕಡಿದಾಗುತ್ತೆ ಅಂತ ಬಾಯಿಪಾಠ ಮಾಡ್ಕೋಬೇಕು. ರಾತ್ರಿ ನಿದ್ದೆಗೆಟ್ಟ ತಲೇಲಿ ಅರವತ್ತು ಗೇಟು ಉಳಿಯುತ್ತಾ, ನೀವೇ ಹೇಳಿ.

ಹಿಮ ಅಂದ ತಕ್ಷಣ ಫ್ರೀಜರ್‌ನಲ್ಲಿ ಕೆರೆದ ಬಿಳಿ ಪುಡಿ ನೆನೆಸ್ಕೋಬೇಡಿ. ರೇಸ್‌ಗೆ ಅಂತ ಹಿಮದೊಳಕ್ಕೆ ನೀರು ಹಾಯಿಸಿ ಕಲ್ಲು ಮಾಡಿರ್ತಾರೆ. ಅದರ ಮೇಲೆ ನಿಲ್ಲಿಸೋದು ಸ್ಕೀ ಅಡಿಯ ಉಕ್ಕಿನ ಅಂಚು ಒಂದೇ. 90 ಡಿಗ್ರಿ ಇರೋ ಅಂಚನ್ನು ಫೈಲ್ ಹಾಕಿ 87ರ ಆಸುಪಾಸಿಗೆ ತರ್ತಾರೆ. ಮಸೆದಾಗ ಕಣ್ಣಿಗೆ ಕಾಣದ ಸಣ್ಣ ಸಿಬುರು ಏಳುತ್ತೆ, ಅದನ್ನು ಡೈಮಂಡ್ ಸ್ಟೋನ್‌ನಲ್ಲಿ ಉಜ್ಜಿ ತೆಗೀಬೇಕು. ತೆಗೀದಿದ್ರೆ ಸ್ಕೀ ಕಚ್ಚಿಕೊಳ್ಳುತ್ತೆ, ಬಿಡಬೇಕಾದ ಕಡೆ ಬಿಡಲ್ಲ. ಮುಂದಿನ ತಿರುವು ತಡ ಆಯ್ತು ಅಂದ್ರೆ ಅದರ ಮುಂದಿನದು ಇನ್ನೂ ತಡ, ಮೂರನೇ ಗೇಟಿಗೆ ಆಟದಿಂದ ಔಟು.

ಇನ್ನು ಕಂಬ. ಎಂಬತ್ತರ ದಶಕದ ಮೊದಲ ಭಾಗದಲ್ಲಿ ಬುಡದಲ್ಲೇ ಮಡಚೋ ಕಂಬ ಬಂತು. ಅದಕ್ಕೂ ಮೊದಲು ಗಟ್ಟಿ ಕಂಬ ಇದ್ದಾಗ ಇಡೀ ಮೈ ಅದನ್ನು ಸುತ್ತಿ ಹೋಗ್ಬೇಕಿತ್ತು. ಮಡಚೋದು ಬಂದ ಮೇಲೆ ಪಾದ ಮತ್ತು ಸ್ಕೀ ತುದಿ ಕಂಬದ ಹೊರಗೆ ಹೋದ್ರೆ ಸಾಕು, ಮೊಣಕಾಲ ಕೆಳಗಿನ ಗಾರ್ಡು ಮತ್ತು ಮುಷ್ಟಿಯಿಂದ ಕಂಬವನ್ನು ಬಡಿದು ಮೈಯನ್ನು ನೇರ ನುಗ್ಗಿಸಬಹುದು. ಕಂಬ ಎರಡು ಕಾಲಿನ ನಡುವೆ ಸಿಕ್ಕಿತೋ, ಮುಗೀತು, ಡಿಸ್‌ಕ್ವಾಲಿಫೈ. ಗೆಲುವಿಗೂ ಮನೆಗೆ ಹೋಗೋದಕ್ಕೂ ಇರೋ ಅಂತರ ಎರಡು ಬೆರಳು.

ಟೊಂಬಾ ಎತ್ತರ 182 ಸೆಂಟಿಮೀಟರ್, ತೂಕ 90 ಕಿಲೋ ಆಸುಪಾಸು. ಅವನ ಕಾಲದ ಸ್ಲಾಲಮ್ ಸ್ಕೀ ಎರಡು ಮೀಟರ್‌ಗಿಂತ ಉದ್ದ, ಪಕ್ಕದ ಕಡೆ ಹೆಚ್ಚೇನೂ ಬಾಗು ಇಲ್ಲ. ಈಗ ಗಂಡಸರಿಗೆ ಕನಿಷ್ಠ 165 ಸೆಂಟಿಮೀಟರ್ ಇದ್ರೆ ಆಯ್ತು, ನಡು ಸಣ್ಣ, ಓರೆ ಮಾಡಿದ್ರೆ ತಾನೇ ತಿರುಗುತ್ತೆ. ಅವತ್ತಿನದು ತಿರುಗಬೇಕಂದ್ರೆ ಮೈಭಾರ ಹೇರಿ ಬಿಲ್ಲಿನ ಥರ ಬಗ್ಗಿಸ್ಬೇಕಿತ್ತು. ಅಲ್ಲಿ 90 ಕಿಲೋ ವರ. ಆದ್ರೆ ಅದೇ 90 ಕಿಲೋ ಸೆಕೆಂಡಿಗೊಂದು ಸಲ ಎಡ-ಬಲ ಬದಲಾಗ್ಬೇಕು, ಚೂರು ತಡವಾದ್ರೆ ಹೊರಗೆಸೆಯುತ್ತೆ. ಅದಕ್ಕೇ ಅವನು ಕಂಬದ ಹತ್ತಿರ ಬಂದು ತಿರುಗ್ತಿರಲಿಲ್ಲ. ಇನ್ನೂ ಮೇಲಿರುವಾಗಲೇ ತಿರುವು ಶುರು ಮಾಡಿ, ಕಂಬ ದಾಟೋ ಹೊತ್ತಿಗೆ ಸ್ಕೀಯನ್ನು ಮುಂದಿನ ಗೇಟಿನ ಕಡೆಗೆ ಬಿಟ್ಟಿರ್ತಿದ್ದ. ಇದನ್ನು ಮಾಡೋದು ತೊಡೆ ಮತ್ತು ಸೊಂಟ. ಡಿಸ್ಕೋದಲ್ಲಿ ಬೆಳೆಯೋ ಸ್ನಾಯು ಅಲ್ಲ ಅದು.

ಅವನು ಬೆಟ್ಟದ ಹುಡುಗನೂ ಅಲ್ಲ. ಹುಟ್ಟಿದ್ದು 1966ರಲ್ಲಿ ಬೊಲೊನ್ಯಾ ಪಕ್ಕದ ಸಾನ್ ಲಜ್ಜಾರೊದಲ್ಲಿ. ಆಲ್ಪ್ಸ್ ಹಳ್ಳಿಗಳಲ್ಲಿ ಮನೆ ಬಾಗಿಲಿಂದಲೇ ಸ್ಕೀ ಹಾಕ್ಕೊಂಡು ಹೊರಟವರ ನಡುವೆ ಇವನು ಬಟ್ಟೆ ವ್ಯಾಪಾರಿಯ ಮಗ, ಪಟ್ಟಣದವನು. 1987ರ ನವೆಂಬರ್‌ನಲ್ಲಿ ಸೆಸ್ಟ್ರಿಯೆರೆಯಲ್ಲಿ ಮೊದಲ ವಿಶ್ವಕಪ್ ರೇಸ್ ಗೆಲುವು (ಸ್ಕೀಯಿಂಗ್‌ನಲ್ಲಿ ವಿಶ್ವಕಪ್ ಅಂದ್ರೆ ಸೀಸನ್ ಪೂರ್ತಿ ನಡೆಯೋ ರೇಸ್‌ಗಳ ಸರಣಿ), ಆ ಒಂದೇ ಸೀಸನ್‌ನಲ್ಲಿ ಒಂಬತ್ತು. 1988ರ ಫೆಬ್ರವರಿ, ಕ್ಯಾಲ್ಗರಿ ಒಲಿಂಪಿಕ್ಸ್: ಗೇಟುಗಳು ಇನ್ನೂ ದೂರ ದೂರ ಇರೋ ಜಯಂಟ್ ಸ್ಲಾಲಮ್ ಅನ್ನು 1.04 ಸೆಕೆಂಡ್‌ನಿಂದ ಗೆದ್ದ. ಎರಡು ದಿನ ಬಿಟ್ಟು ಸ್ಲಾಲಮ್‌ನಲ್ಲಿ ಮೊದಲ ರನ್ ಮುಗಿದಾಗ ಮೂರನೇ ಸ್ಥಾನ, ಪಶ್ಚಿಮ ಜರ್ಮನಿಯ ಫ್ರಾಂಕ್ ವರ್ನ್‌ಡಲ್‌ಗಿಂತ 0.63 ಹಿಂದೆ. ಎರಡನೇ ರನ್ ತೋರಿಸೋಕೆ ಇಟಲಿಯ ಟಿವಿ ಸಾನ್‌ರೆಮೊ ಸಂಗೀತೋತ್ಸವದ ಫೈನಲನ್ನೇ ನಿಲ್ಲಿಸಿತು. ಗೆದ್ದಿದ್ದು 0.06 ಸೆಕೆಂಡ್‌ನಲ್ಲಿ. ಗಂಟೆಗೆ 40 ಕಿಲೋಮೀಟರ್ ವೇಗ ಅಂದ್ಕೊಂಡು ಲೆಕ್ಕ ಹಾಕಿ, ಮುಕ್ಕಾಲು ಮೀಟರ್ ಕೂಡ ಆಗಲ್ಲ!

‘ಪಾರ್ಟಿ ಬಡಾಯಿ ಕೊಚ್ಚಿಕೊಂಡಿದ್ದು ಅವನೇ ಅಲ್ವಾ?’ ಅಂತ ಕೇಳೋರಿದ್ದೀರಿ. ಹೌದು, ಕೊಚ್ಚಿಕೊಂಡ. ಪತ್ರಕರ್ತರು ಮೈಕು ಹಿಡಿದ್ರೆ ಸಾಕು, ಹೆಡ್‌ಲೈನ್ ತಾನೇ ಕೊಡ್ತಿದ್ದ. ನಿಜ ಹೇಳ್ಲಾ, ಅವನ ಆ ಬಾಯಿ ನನಗೂ ಇಷ್ಟ ಇಲ್ಲ. ಆದ್ರೆ ಬಾಯಿಂದ ಬಂದಿದ್ದನ್ನ ದಿನಚರಿ ಅಂತ ಬರ್ಕೊಂಡ್ರೆ ತಪ್ಪು ಯಾರದ್ದು? ಆ ಬಾಯಿಯ ಹಿಂದೆ ಅವನಿಗೇ ಅಂತ ಒಂದು ತಂಡ ಇತ್ತು. ಕೋಚ್ ಆಗಿ ಗುಸ್ತಾವ್ ತೋನಿ, ಎಪ್ಪತ್ತರ ದಶಕದಲ್ಲಿ ನಾಲ್ಕು ಸಲ ಒಟ್ಟಾರೆ ವಿಶ್ವಕಪ್ ಗೆದ್ದ ಮಹಾನುಭಾವ, ಮಾತು ಮುತ್ತಿನಷ್ಟು ದುಬಾರಿ. ಮೈ ಹದ ಮಾಡೋಕೆ ಜಾರ್ಜೊ ದುರ್ಬಾನೊ. ಪಾರ್ಟಿಗೆ ಹೋಗೋಕೆ ಇಷ್ಟು ಜನ ಬೇಕಾ?

ಇನ್ನೊಂದು ಗುಂಪಿದೆ, ಸ್ವಲ್ಪ ಓದಿಕೊಂಡವರದು. ‘ಡೌನ್‌ಹಿಲ್‌ಗೆ ಕೈ ಹಾಕ್ಲಿಲ್ಲ, ಹಾಗಾಗಿ ಪೂರ್ಣ ಸ್ಕೀಯರ್ ಅಲ್ಲ’ ಅನ್ನೋದು ಇವರ ವಾದ. ಡೌನ್‌ಹಿಲ್ ಅಂದ್ರೆ ತಿರುವು ಕಡಿಮೆ, ವೇಗವೇ ಮುಖ್ಯ ಆಗಿರೋ ಓಟ. 1989ರ ಡಿಸೆಂಬರ್‌ನಲ್ಲಿ ವಾಲ್ ದಿಸೇರ್‌ನಲ್ಲಿ ಸೂಪರ್-ಜಿ (ಇದೂ ವೇಗದ ಓಟವೇ) ಓಡುವಾಗ ಬಿದ್ದು ಕೊರಳೆಲುಬು ಮುರ್ಕೊಂಡ. ಆಮೇಲೆ ವೇಗದ ಸ್ಪರ್ಧೆಗಳ ಸಹವಾಸ ಬಿಟ್ಟು ಸ್ಲಾಲಮ್, ಜಯಂಟ್ ಸ್ಲಾಲಮ್ ಎರಡಕ್ಕೇ ಕಟ್ಟುಬಿದ್ದ. ಒಟ್ಟಾರೆ ವಿಶ್ವಕಪ್ ಎಲ್ಲ ಬಗೆಯ ಅಂಕ ಕೂಡಿಸಿ ಕೊಡೋದು. 1992ರಲ್ಲಿ ಒಂಬತ್ತು ರೇಸ್ ಗೆದ್ದೂ, ಎಲ್ಲದರಲ್ಲೂ ಅಂಕ ಆಯ್ಕೊಂಡ ಸ್ವಿಸ್ ಪಾಲ್ ಅಕ್ಕೋಲಾ ಮುಂದೆ ಎರಡನೆಯವನಾದ. ಸರಿ, 1995ಕ್ಕೆ ಬನ್ನಿ. ಗೆಲುವಿಗೆ 100 ಅಂಕ. ಸ್ಲಾಲಮ್‌ನಲ್ಲಿ ಏಳು ಗೆಲುವು, 700. ಜಯಂಟ್‌ನಲ್ಲಿ ನಾಲ್ಕು ಗೆಲುವು ಮತ್ತೆ ಚಿಲ್ಲರೆ 50, ಅಲ್ಲಿಗೆ 450. ಒಟ್ಟು 1150, ಕಪ್ ಅವನದು. ಸ್ಲಾಲಮ್ ಲೆಕ್ಕ ಇನ್ನೊಮ್ಮೆ ನೋಡಿ: ಗೆದ್ದಿದ್ದು ಬಿಟ್ರೆ ಒಂದಂಕವೂ ಇಲ್ಲ. ಗೆದ್ರೆ ಮೊದಲನೆಯವನು, ಇಲ್ಲಾಂದ್ರೆ ಸೊನ್ನೆ. ಎರಡೇ ಕಾಲ ಮೇಲೆ ನಿಂತ ಮೇಜು, ಆದ್ರೂ ಎಲ್ಲ ಬಗೆಯಲ್ಲೂ ಓಡೋ ನಾಲ್ಕು ಕಾಲಿನವರು ಹಿಂದೆ ಬಿದ್ರು. ತೋನಿ ಗೆದ್ದ ಇಪ್ಪತ್ತು ವರ್ಷದ ನಂತರ ಇಟಲಿಗೆ ಆ ಕಪ್ ಬಂತು, ತಂದವನು ತೋನಿಯ ಶಿಷ್ಯ.

ಪಾರ್ಟಿ ಕಥೆ ಹೇಳೋರು 1994ರ ಲಿಲಿಹ್ಯಾಮರ್ ಒಲಿಂಪಿಕ್ಸ್‌ನ ಸ್ಲಾಲಮ್ ಒಮ್ಮೆ ನೋಡ್ಲಿ. ಮೊದಲ ರನ್‌ನಲ್ಲಿ 12ನೇ ಸ್ಥಾನ, ಮುಂದಿದ್ದ ಆಸ್ಟ್ರಿಯಾದ ಥಾಮಸ್ ಸ್ಟಾಂಗಾಸಿಂಗರ್‌ಗಿಂತ 1.84 ಸೆಕೆಂಡ್ ಹಿಂದೆ. ಸ್ಲಾಲಮ್‌ನಲ್ಲಿ ಅದು ಒಂದು ಊರಿನ ದೂರ. ಎರಡನೇ ರನ್‌ನಲ್ಲಿ ಹಿಂದಿದ್ದವರು ಮೊದಲು ಇಳೀತಾರೆ, ಅಷ್ಟರಮಟ್ಟಿಗೆ ದಾರಿ ಇನ್ನೂ ಗುಂಡಿ ಬಿದ್ದಿರಲ್ಲ. ಆ ಲಾಭ ಅವನಿಗಿತ್ತು, ಒಪ್ಪಿಕೊಳ್ಳೋಣ. ಆದ್ರೆ ಅದೇ ಲಾಭ ಅವನ ಅಕ್ಕಪಕ್ಕದ ಸ್ಥಾನದವರಿಗೂ ಇತ್ತು, ಅವರ್ಯಾರೂ ಅವನಷ್ಟು ಮುಂದೆ ಬರ್ಲಿಲ್ಲ. ಟೊಂಬಾ ಇಳಿದ, ಒಬ್ಬೊಬ್ಬರೇ ಬಂದು ಅವನ ಸಮಯಕ್ಕಿಂತ ಹಿಂದೆ ಬಿದ್ರು. ಕೊನೆಯಲ್ಲಿ ಬಂದ ಸ್ಟಾಂಗಾಸಿಂಗರ್ ಉಳಿದಿದ್ದು ಬರೀ 0.15ರಲ್ಲಿ. ಟೊಂಬಾಗೆ ಬೆಳ್ಳಿ. ನನ್ನ ಪ್ರಕಾರ ಅವನ ಮೂರು ಒಲಿಂಪಿಕ್ ಚಿನ್ನಕ್ಕಿಂತ ದೊಡ್ಡ ಓಟ ಅದು, ಜಗಳಕ್ಕೆ ಬರೋರು ಕಮೆಂಟಿಗೆ ಬನ್ನಿ.

ಸತತ ಹನ್ನೊಂದು ಸೀಸನ್ ಕನಿಷ್ಠ ಒಂದಾದರೂ ವಿಶ್ವಕಪ್ ರೇಸ್ ಗೆದ್ದ. ಒಟ್ಟು 50: ಸ್ಲಾಲಮ್ 35, ಜಯಂಟ್ 15. ಐವತ್ತನೆಯದು 1998ರ ಮಾರ್ಚ್‌ನಲ್ಲಿ ಕ್ರಾನ್ಸ್-ಮೊಂಟಾನಾದಲ್ಲಿ, ಅಲ್ಲಿಗೆ ಸ್ಕೀ ಬಿಚ್ಚಿಟ್ಟ.

ಅಂದಹಾಗೆ, ಆ ರೀಲ್‌ನಲ್ಲಿ ಹಿಂದೆ ಓಡ್ತಿರೋ ವಿಡಿಯೋ ಗಮನಿಸಿದ್ರಾ? ಸವಾರ ಮೊಟ್ಟೆ ಥರ ಮುದುಡಿ ಕೂತಿದ್ದಾನೆ, ಬಡಿಯೋಕೆ ಒಂದು ಕಂಬವೂ ಹತ್ತಿರದಲ್ಲಿಲ್ಲ. ಅದು ಡೌನ್‌ಹಿಲ್ ಸ್ವಾಮಿ.