ಅತ್ತಿಗೆ ಮನೇಲೇ ಇರ್ತಾರೆ

ಗಣತಿ ಮೇಷ್ಟ್ರು ನಮ್ಮೂರಿನ ಮನೆಗೆ ಬಂದಾಗ ಅಣ್ಣ ಜಗಲಿ ಮೇಲೆ ಕೂತು ಪೇಪರ್ ಓದುತ್ತಿದ್ದ. ನಾನು ಹಿಂದಿನ ರಾತ್ರಿ ಬೆಂಗಳೂರಿನಿಂದ ಬಂದವನು, ಪಕ್ಕದಲ್ಲೇ ಕೂತು ಫೋನ್ ತಿಕ್ಕುತ್ತಿದ್ದೆ. ಅಂದರೆ ಆ ಹೊತ್ತಿನಲ್ಲಿ ಮನೆಯ ದುಡಿಯುವ ಕೈಗಳೆಲ್ಲ ಜಗಲಿ ಮೇಲೇ ಇದ್ದವು.

"ಯಜಮಾನ್ರೇ, ನಿಮ್ಮ ಕಸುಬು?"

"ಬೇಸಾಯ ಅಂತ ಬರ್ಕೊಳಿ. ಜೊತೆಗೆ ಹೈನುಗಾರಿಕೆ."

"ನಿಮ್ಮ ಮನೆಯವರದು?"

"ಅವಳದೇನಿದೆ ಮೇಷ್ಟ್ರೇ, ಮನೇಲೇ ಇರ್ತಾಳೆ."

ಸರಿಯಾಗಿ ಆಗಲೇ ಸೀಮೆಹುಲ್ಲಿನ ಹೊರೆಯೊಂದು ಅಂಗಳ ದಾಟಿ ಕೊಟ್ಟಿಗೆ ಕಡೆ ಹೊರಟಿತು. ಹೊರೆ ದೊಡ್ಡದು, ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಮೇಷ್ಟ್ರು ಮರ್ಯಾದಸ್ಥರು. ಕುರ್ಚಿ ಹಿಂದಕ್ಕೆ ಸರಿಸಿ ದಾರಿ ಬಿಟ್ಟರು. "ಲೇ, ಮೇಷ್ಟ್ರಿಗೆ ಕಾಫಿ ತಾರೇ" ಎಂದು ಅಣ್ಣ ಹೊರೆಗೆ ಹೇಳಿದ. ಹೊರೆ "ಹ್ಞೂಂ" ಅಂದಿತು.

ಐದು ನಿಮಿಷಕ್ಕೆ ಕಾಫಿ ಬಂತು. "ಎಂಥಾ ಹಾಲು ನೋಡಿ, ಬೆಂಗಳೂರಲ್ಲಿ ಎಲ್ಲಿ ಸಿಗ್ಬೇಕು" ಎಂದು ಮೇಷ್ಟ್ರು ಅಣ್ಣನನ್ನು ಹೊಗಳಿದರು. ಅಣ್ಣ ನಾಚಿಕೊಂಡ. ಆಮೇಲೆ ಮೇಷ್ಟ್ರು ಅತ್ತಿಗೆಯ ಹೆಸರಿನ ಮುಂದೆ 'ಗೃಹಿಣಿ' ಅಂತ ತುಂಬಿಕೊಂಡು ಮುಂದಿನ ಮನೆಗೆ ಹೋದರು.

ಈ 'ಇರ್ತಾಳೆ' ಅನ್ನುವುದು ಬಲು ಉಪಯೋಗಕ್ಕೆ ಬರುವ ಮಾತು. ಮನೆಯಲ್ಲಿ ಒರಳು ಇರುತ್ತದೆ, ಕಣಜ ಇರುತ್ತದೆ, ಹಾಗೇ ಅತ್ತಿಗೆಯೂ ಇರುತ್ತಾರೆ. ಬೆಳಗ್ಗೆ ನಾಲ್ಕೂವರೆಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ಇರುತ್ತಾರೆ. ಆರಕ್ಕೆ ಕ್ಯಾನು ಹಿಡಿದು ಡೇರಿ ಮುಂದೆ ಸಾಲಿನಲ್ಲಿ ಇರುತ್ತಾರೆ. ಬಿಸಿಲೇರುವ ಹೊತ್ತಿಗೆ ರಾಗಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಾ ಇರುತ್ತಾರೆ. ಡೇರಿ ಸದಸ್ಯತ್ವ ಅಣ್ಣನ ಹೆಸರಲ್ಲಿದೆ, ಬಟವಾಡೆ ಅಣ್ಣನ ಖಾತೆಗೆ ಬರುತ್ತದೆ. ಹಸು ಮಾತ್ರ ಅತ್ತಿಗೆಯ ಪಾಲಿಗೆ.

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತು. ನಂಬರೇ ಕೊಟ್ಟಿದೆ. ಯಾರು ಏನು ಕೆಲಸ ಮಾಡುತ್ತಾರೆ ಅಂತ ಲೆಕ್ಕ ಹಾಕುವ ಕೇಂದ್ರದ ಸಮೀಕ್ಷೆಯಲ್ಲಿ 92 ಅಂದರೆ ಬರೀ ಮನೆಗೆಲಸ ಮಾಡುವವರು. 93 ಅಂದರೆ ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ಮೇವು ತರುವವರು, ಮನೆಯವರಿಗೆ ಬಟ್ಟೆ ಹೊಲಿಯುವವರು. ಈ ಎರಡು ನಂಬರಿನವರೂ ದುಡಿಯುವವರ ಲೆಕ್ಕಕ್ಕೆ ಬರುವುದಿಲ್ಲ. ಯೋಚಿಸಿ ನೋಡಿ. ಯಾರೋ ಒಬ್ಬ ಅಧಿಕಾರಿ ದಿಲ್ಲಿಯಲ್ಲಿ ಫ್ಯಾನಿನ ಕೆಳಗೆ ಕೂತು, ಹೆಂಗಸರು ಏನೇನು ಮಾಡುತ್ತಾರೆ ಅಂತ ಸೌದೆ ಸೊಪ್ಪಿನ ಸಮೇತ ಪಟ್ಟಿ ಮಾಡಿ, ಕೊನೆಗೆ 'ಕೆಲಸ ಮಾಡುವವರಲ್ಲ' ಅಂತ ಷರಾ ಬರೆದಿದ್ದಾನೆ. ಪಟ್ಟಿ ಮಾಡಿದ್ದು ಮಾತ್ರ ಕೆಲಸ. ಅದಕ್ಕೆ ಸಂಬಳ ಉಂಟು.

ಹೊಲದಲ್ಲೂ ದುಡಿಯುತ್ತಾರೆ ಅಂತ ಯಾರಾದರೂ ಬಾಯಿಬಿಟ್ಟು ಹೇಳಿದರೆ ಅತ್ತಿಗೆಗೆ 21 ಅನ್ನುವ ನಂಬರ್ ಸಿಗಬಹುದು. ಅಂದರೆ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕಿ. ಅಣ್ಣನದು 11, ಸ್ವಂತ ಉದ್ಯೋಗಿ. ಎರಡು ಹಸು ಕರೆದು, ಮೇವು ಕೊಯ್ದು, ಕಲಗಚ್ಚು ಇಟ್ಟು, ಕರು ನೋಡಿಕೊಂಡು ಅತ್ತಿಗೆ ಯಾರಿಗೆ ಸಹಾಯ ಮಾಡುತ್ತಿದ್ದಾರೆ ಅಂದರೆ, ಆ ಹೊತ್ತಿನಲ್ಲಿ ಟೀ ಅಂಗಡಿಯಲ್ಲಿರುವ ಅಣ್ಣನಿಗೆ.

ಜನಗಣತಿಯ ನಿಯಮ ಹಾಗಲ್ಲ, ಅದು ಉದಾರಿ. ಹೊಲದಲ್ಲಿ ಸಂಬಳವಿಲ್ಲದೆ ದುಡಿದರೂ ಅದು ಕೆಲಸ, ಮನೆ ಬಳಕೆಗೆ ಅಂತಲೇ ಹಾಲು ಕರೆದರೂ ಅದು ಕೆಲಸ ಅಂತ ಪುಸ್ತಕದಲ್ಲಿ ಬರೆದಿದೆ. ಆದರೆ ಪುಸ್ತಕ ಮೇಷ್ಟ್ರ ಚೀಲದಲ್ಲಿರುತ್ತದೆ, ಉತ್ತರ ಅಣ್ಣನ ಬಾಯಲ್ಲಿರುತ್ತದೆ. ಅದೇ ನಿಯಮದಲ್ಲಿ ಇನ್ನೊಂದು ಮುತ್ತಿನಂಥ ಮಾತಿದೆ. ಕೆಲಸ ಅಂದರೆ ಬರೀ ಮೈ ಬಗ್ಗಿಸುವುದಲ್ಲ, ಮೇಲ್ವಿಚಾರಣೆ ಮಾಡುವುದೂ ಕೆಲಸವೇ. ಅಣ್ಣ ಬದುವಿನ ಮೇಲೆ ಟವೆಲ್ ಹಾಸಿ ಕೂತು "ಅಲ್ಲೊಂದು ಕಳೆ ಬಿಟ್ಯಲ್ಲ, ಎಡಗಡೆ" ಅನ್ನುತ್ತಾನಲ್ಲ, ಅದು. ನಾವು ಇಷ್ಟು ವರ್ಷ ಅವನನ್ನು ಸೋಮಾರಿ ಅಂದುಕೊಂಡಿದ್ದೆವು. ಪಾಪ, ದುಡಿಯುತ್ತಿದ್ದ.

ಮನೆಯಲ್ಲಿ ಇರುವುದರ ಬಗ್ಗೆ ನನಗೂ ಸ್ವಲ್ಪ ಅನುಭವವಿದೆ. 2020ರಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಎತ್ತಿಕೊಂಡು ಊರಿಗೆ ಬಂದು ಎಂಟು ತಿಂಗಳು ಇದ್ದೆ. ನಾನೂ ಮನೇಲೇ ಇದ್ದೆ! ಆದರೆ ಯಾರೂ ಹಾಗನ್ನಲಿಲ್ಲ. "ಶ್, ಗಲಾಟೆ ಮಾಡ್ಬೇಡ್ರೋ, ಚಿಕ್ಕಪ್ಪ ಕೆಲಸದಲ್ಲಿದ್ದಾನೆ" ಎಂದು ಮಕ್ಕಳನ್ನು ಹೊರಗೆ ಅಟ್ಟುತ್ತಿದ್ದರು. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ನೆಟ್‌ವರ್ಕ್ ಚೆನ್ನಾಗಿ ಬರುತ್ತೆ ಅಂತ ಅಲ್ಲಿದ್ದ ಹಿಂಡಿ ಮೂಟೆಗಳನ್ನು ಅತ್ತಿಗೆಯೇ ಎತ್ತಿ ಬೇರೆ ಕಡೆ ಹಾಕಿದರು. ಮೀಟಿಂಗಿನ ನಡುವೆ ಹಸು ಅಂಬಾ ಅಂದರೆ ಓಡಿ ಹೋಗಿ ಅದರ ಬಾಯಿಗೆ ಹುಲ್ಲು ತುರುಕುತ್ತಿದ್ದರು. ವರ್ಕ್ ಫ್ರಮ್ ಹೋಮ್ ಅನ್ನುವುದನ್ನು ಕನ್ನಡಕ್ಕೆ ತಂದರೆ ಮನೆಗೆಲಸ ಅಂತಾಗುತ್ತದೆ. ಯಾರೂ ತರಬೇಡಿ. ನಮ್ಮ ಮರ್ಯಾದೆ ಇಂಗ್ಲಿಷಿನಲ್ಲೇ ಭದ್ರವಾಗಿದೆ.

ಪಕ್ಕದ ಮನೆ ಅಕ್ಕ ಬ್ಲೌಸ್ ಹೊಲಿಯುತ್ತಾರೆ. ಹಬ್ಬ, ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಾದರೂ ಅವರ ಮಿಷಿನ್ ಸದ್ದು ನಿಲ್ಲುವುದಿಲ್ಲ. ಅವರ ಯಜಮಾನರು ಕೇಳಿದವರಿಗೆ "ಏನೋ ಟೈಮ್‌ಪಾಸ್‌ಗೆ ಹೊಲೀತಾಳೆ" ಅನ್ನುತ್ತಾರೆ. ಆ ಟೈಮ್‌ಪಾಸ್ ದುಡ್ಡಲ್ಲಿ ದೊಡ್ಡ ಮಗಳು ಡಿಪ್ಲೊಮಾ ಮುಗಿಸಿದಳು.

ಕೋರ್ಟು ಒಂದೆರಡು ಸಲ ಗದರಿದ್ದುಂಟು. 2001ರ ಜನಗಣತಿಯಲ್ಲಿ ಮನೆ ನಡೆಸುವ ಹೆಂಗಸರನ್ನು ಭಿಕ್ಷುಕರು, ವೇಶ್ಯೆಯರು, ಕೈದಿಗಳ ಜೊತೆ 'ಕೆಲಸ ಮಾಡದವರು' ಅನ್ನುವ ಒಂದೇ ಗುಂಪಿಗೆ ಹಾಕಿದ್ದರಂತೆ. ಇದೆಂಥಾ ಲೆಕ್ಕ ಅಂತ 2010ರಲ್ಲಿ ಸುಪ್ರೀಂ ಕೋರ್ಟು ಬೇಸರಪಟ್ಟಿತು. ಅತ್ತಿಗೆಗೆ ಹೇಳಿದೆ. ಅವರಿಗೇನೂ ಬೇಜಾರಾಗಲಿಲ್ಲ. "ಜೈಲಲ್ಲಿ ಕೆಲಸ ಮಾಡಿದ್ರೆ ಕೂಲಿ ಕೊಡ್ತಾರಂತೆ, ಹೌದೇನಪ್ಪ?" ಅಂತ ಕೇಳಿದರು. ಹೌದು, ಕೊಡುತ್ತಾರೆ.

ಆ ಕೇಸು ಇದ್ದದ್ದು ರಸ್ತೆ ಅಪಘಾತದ ಪರಿಹಾರದ ಬಗ್ಗೆ. ಸಂಪಾದನೆ ಇಲ್ಲದ ಹೆಂಡತಿ ಅಪಘಾತದಲ್ಲಿ ತೀರಿಕೊಂಡರೆ ಅವಳ ಬೆಲೆ ಎಷ್ಟು? ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿಸಿದ ಷೆಡ್ಯೂಲಿನಲ್ಲಿ ಇದಕ್ಕೂ ಸೂತ್ರವಿತ್ತು. ಗಂಡನ ಆದಾಯದ ಮೂರನೇ ಒಂದು ಭಾಗ. ಅಂದರೆ ಕಲೆಕ್ಟರ ಹೆಂಡತಿ ಮಾಡಿದ ಸಾರಿಗೆ ಒಂದು ರೇಟು, ಜವಾನನ ಹೆಂಡತಿ ಮಾಡಿದ ಸಾರಿಗೆ ಇನ್ನೊಂದು. ಗಂಡ ಸೋಮಾರಿಯಾದಷ್ಟೂ ಮನೆಯಲ್ಲಿ ಹೆಂಡತಿಯ ದುಡಿತ ಜಾಸ್ತಿ, ಕಾಗದದಲ್ಲಿ ಅವಳ ಬೆಲೆ ಕಮ್ಮಿ. ನಮ್ಮಣ್ಣನ ಆದಾಯವನ್ನು ಮೂರರಿಂದ ಭಾಗಿಸಿ ನೋಡಿದೆ. ಅತ್ತಿಗೆ ರಸ್ತೆ ದಾಟುವಾಗ ಹುಷಾರಾಗಿರುವುದು ಒಳ್ಳೆಯದು.

2019ರಲ್ಲಿ ಕೇಂದ್ರ ಸರ್ಕಾರ ಯಾರು ಯಾವುದಕ್ಕೆ ಎಷ್ಟು ಹೊತ್ತು ಕಳೆಯುತ್ತಾರೆ ಅಂತ ಒಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಾರಂತೆ. ಗಂಡಸರು 97. ಹಸು, ಹೊಲ ಇದರಲ್ಲಿಲ್ಲ, ಅದು ಬೇರೆ ಲೆಕ್ಕ. 97 ನೋಡಿ ನನಗೆ ಗಂಡಸರ ಬಗ್ಗೆ ಹೆಮ್ಮೆಯಾಯಿತು. ಆಮೇಲೆ ಕೆಳಗಿನ ಸಾಲು ಓದಿದೆ. ಅದು ಕೈಹಚ್ಚಿದ ಗಂಡಸರ ಸರಾಸರಿ, ಹಾಗೆ ಕೈಹಚ್ಚುವವರು ನೂರಕ್ಕೆ 26 ಜನ ಮಾತ್ರ. ಅವರ ಆ 97 ನಿಮಿಷದಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಅಂತ ಹುಡುಕುವುದಕ್ಕೇ ಅರ್ಧ ಹೋಗಿರುತ್ತದೆ ಅನ್ನುವುದು ನನ್ನ ಗುಮಾನಿ. ಸ್ವಂತ ಅನುಭವ.

ಇನ್ನು ಜಮೀನು. ಅಪ್ಪ ಹೋದ ಮೇಲೆ ಪೌತಿ ಖಾತೆಯಾಗಿ ಪಹಣಿಯಲ್ಲಿ ಅಣ್ಣನ ಹೆಸರು ಕೂತಿತು. ಪಹಣಿ ಇದ್ದರೆ ರೈತ. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14. ಅತ್ತಿಗೆಗೆ ತವರಿನಲ್ಲಿ ಪಾಲಿರಲಿಲ್ಲವೇ? ಇತ್ತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, 2005ರಲ್ಲಿ ಇಡೀ ದೇಶಕ್ಕೇ ಬಂತು. ಅದಕ್ಕೇ ಅವರ ಅಣ್ಣತಮ್ಮಂದಿರು ಕಾನೂನಿಗೆ ಗೌರವ ಕೊಟ್ಟು, ಕಾರು ಮಾಡಿಕೊಂಡು ಬಂದು, ಅಕ್ಕನನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಬರುವಾಗ ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ. ಸೀರೆ ಚೆನ್ನಾಗಿದೆ. ಎಕರೆ ಲೆಕ್ಕದಲ್ಲಿ ನೋಡಿದರೆ ಕರ್ನಾಟಕದ ಅತಿ ದುಬಾರಿ ಸೀರೆಗಳಲ್ಲಿ ಅದೂ ಒಂದು.

ಹೆಸರಲ್ಲಿ ಜಮೀನಿರುವುದಕ್ಕೆ ಅಣ್ಣನಿಗೆ ಕೇಂದ್ರದಿಂದ ವರ್ಷಕ್ಕೆ 6,000 ರೂಪಾಯಿ ಬರುತ್ತದೆ. ಅದರ ಹೆಸರು ಕಿಸಾನ್ ಸಮ್ಮಾನ್, ಸನ್ಮಾನ. ಅತ್ತಿಗೆಗೆ 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯಿಂದ ತಿಂಗಳಿಗೆ 2,000. ಅದರ ಹೆಸರು, ನಮ್ಮೂರ ಟೀ ಅಂಗಡಿಯ ಭಾಷೆಯಲ್ಲಿ, ಬಿಟ್ಟಿ ದುಡ್ಡು. ಬೆಳಗ್ಗೆ ಹನ್ನೊಂದು ಗಂಟೆಗೆ ಅಲ್ಲಿ ಹೋಗಿ ನೋಡಿ. ಏಳೆಂಟು ಜನ ಗಂಡಸರು ಎರಡನೇ ಟೀ ಹೀರುತ್ತಾ, ಬಿಟ್ಟಿ ದುಡ್ಡು ಕೊಟ್ಟೂ ಕೊಟ್ಟೂ ಹೆಂಗಸರು ಸೋಮಾರಿಗಳಾಗಿಬಿಟ್ಟರು ಅಂತ ಕಳವಳ ಪಡುತ್ತಿರುತ್ತಾರೆ. ಆ ಸೋಮಾರಿಗಳು ಯಾರೂ ಅಲ್ಲಿರುವುದಿಲ್ಲ. ಹೊಲಕ್ಕೆ ಹೋಗಿರುತ್ತಾರೆ.

ಇದಕ್ಕೆಲ್ಲ ನನ್ನ ಹತ್ತಿರ ಒಂದು ಪರಿಹಾರವಿದೆ. ನಮ್ಮ ಕಡೆ ಮುಯ್ಯಾಳು ಪದ್ಧತಿ ಗೊತ್ತಲ್ಲ? ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅದನ್ನೇ ಸ್ವಲ್ಪ ತಿದ್ದೋಣ. ನಾಳೆಯಿಂದ ಅತ್ತಿಗೆ ಪಕ್ಕದ ಮನೆಗೆ ಹೋಗಿ ಅವರ ಕೊಟ್ಟಿಗೆ ಗುಡಿಸಿ, ಅವರ ಹಸು ಕರೆದು, ಅವರ ಮನೆಯವರಿಗೆ ಮುದ್ದೆ ತಿರುವಲಿ. ಆ ಮನೆಯ ಅಕ್ಕ ನಮ್ಮ ಮನೆಗೆ ಬಂದು ಅದನ್ನೇ ಮಾಡಲಿ. ಸಂಜೆ ಅವರು ಇವರಿಗೆ ಫೋನ್‌ಪೇಯಲ್ಲಿ 370 ರೂಪಾಯಿ ಹಾಕಲಿ, ಇವರು ಅವರಿಗೆ 370 ಹಾಕಲಿ. 370 ನಾನು ಸುಮ್ನೆ ಹೇಳಿದ್ದಲ್ಲ, 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ಅಷ್ಟಿತ್ತು, ಗಂಡಿಗೂ ಹೆಣ್ಣಿಗೂ ಒಂದೇ. ಅದೇ ಸಗಣಿ, ಅದೇ ಮುದ್ದೆ, ದುಡ್ಡು ಹೊರಟಲ್ಲಿಗೇ ವಾಪಸ್. ಆದರೆ ಇಬ್ಬರೂ ರಾತ್ರೋರಾತ್ರಿ ಉದ್ಯೋಗಸ್ಥರಾಗುತ್ತಾರೆ, ದೇಶದ ಜಿಡಿಪಿ ಏರುತ್ತದೆ. ಅತ್ತಿಗೆಗೆ ಪ್ಲ್ಯಾನ್ ಹಿಡಿಸಿತು. ಅಣ್ಣನಿಗೆ ಹಿಡಿಸಲಿಲ್ಲ. ಪಕ್ಕದ ಮನೆಯ ಅಕ್ಕನಿಗೆ "ಲೇ, ಕಾಫಿ ತಾರೇ" ಅನ್ನುವುದಕ್ಕಾಗುವುದಿಲ್ಲ, ಅದೇ ತೊಂದರೆ.

ಈಗ ಪ್ರಮಾಣಪತ್ರದ ಕತೆ. ಯಾವುದೋ ಇಲಾಖೆಯವರು ಆಧುನಿಕ ಹೈನುಗಾರಿಕೆ ಅಂತ ಒಂದು ದಿನದ ತರಬೇತಿ ಇಟ್ಟಿದ್ದರು. ಮನೆಗೊಬ್ಬರು ಬನ್ನಿ ಅಂದರು. ಮನೆಗೊಬ್ಬರು ಅಂದರೆ ಯಾರು ಅಂತ ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಅಣ್ಣ ಇಸ್ತ್ರಿ ಷರಟು ಹಾಕಿಕೊಂಡು ಹೋದ. ಉಪ್ಪಿಟ್ಟು, ಕೇಸರಿಬಾತು, ಒಂದು ಟೋಪಿ, ಒಂದು ಬ್ಯಾಗು, ಒಂದು ಪ್ರಮಾಣಪತ್ರ. ರಾತ್ರಿ ಬಂದು ಅತ್ತಿಗೆಗೆ ಪಾಠ ಮಾಡಿದ. "ಹಾಲು ಕರೆಯುವಾಗ ಹೆಬ್ಬೆರಳು ಮಡಿಚಬಾರದು. ಮುಷ್ಟಿ ತುಂಬ ಮೊಲೆ ಹಿಡೀಬೇಕು. ಇಲ್ದಿದ್ರೆ ಹಸುಗೆ ನೋವಾಗುತ್ತೆ." ಇಪ್ಪತ್ತೆರಡು ವರ್ಷದಿಂದ ಮುಷ್ಟಿ ತುಂಬ ಹಿಡಿದೇ ಕರೆಯುತ್ತಿರುವ ಅತ್ತಿಗೆ "ಹೌದಾ?" ಅಂದರು. ಪ್ರಮಾಣಪತ್ರ ಫ್ರೇಮಾಗಿ ನಡುಮನೆಯಲ್ಲಿ ದೇವರ ಪಟದ ಪಕ್ಕ ಕೂತಿತು.

ಹೋದ ತಿಂಗಳು ಅತ್ತಿಗೆ ತಂಗಿಯ ಮಗಳ ಮದುವೆಗೆ ಅಂತ ಎರಡು ದಿನ ತವರಿಗೆ ಹೋದರು. ನಾನು ಊರಲ್ಲಿದ್ದೆ. ಬೆಳಗ್ಗೆ ಐದೂವರೆಗೆ ಪ್ರಮಾಣಿತ ಹೈನುಗಾರ ಬಕೆಟ್ ಹಿಡಿದು ಹಸುವಿನ ಪಕ್ಕ ಕೂತ. ಮುಷ್ಟಿ ತುಂಬ ಹಿಡಿದ, ಹೆಬ್ಬೆರಳು ಮಡಿಚಲಿಲ್ಲ. ಹಸು ಕತ್ತು ತಿರುಗಿಸಿ ನೋಡಿತು. ಮೂಸಿತು. ಒಂದು ತೊಟ್ಟು ಹಾಲು ಬಿಡಲಿಲ್ಲ. ಕರು ಬಿಟ್ಟು ನೋಡಿದ, ಹಿಂಡಿ ಇಟ್ಟು ನೋಡಿದ, "ಗೌರೀ, ಗೌರವ್ವಾ" ಅಂತ ನಾನು ಹಿಂದೆಂದೂ ಕೇಳದ ದನಿಯಲ್ಲಿ ಕರೆದ. ಡೇರಿ ಮುಚ್ಚುವ ಹೊತ್ತಾಗುತ್ತಿತ್ತು. ಕೊನೆಗೆ ಎದ್ದು ಒಳಗೆ ಹೋದ. ಬಂದಾಗ ಷರಟಿನ ಮೇಲೆ ಅತ್ತಿಗೆಯ ಹಳೇ ನೈಟಿ. ನೀಲಿ ಬಣ್ಣ, ಬಿಳಿ ಹೂವು, ಮೊಣಕಾಲಿನವರೆಗೆ ಬರುತ್ತಿತ್ತು. ತಲೆಗೆ ಟವೆಲ್ಲನ್ನು ಸೆರಗಿನ ಹಾಗೆ ಹೊದ್ದಿದ್ದ. ನನ್ನ ಕಡೆ ನೋಡದೆ ಕೂತುಕೊಂಡ. ಹಸು ಇನ್ನೊಂದು ಸಲ ಮೂಸಿತು. ಸ್ವಲ್ಪ ಯೋಚನೆ ಮಾಡಿತು. ಹಾಲು ಬಿಟ್ಟಿತು.

ಎರಡು ದಿನ, ನಾಲ್ಕು ಹೊತ್ತು, ನೈಟಿಯಲ್ಲೇ. ಆ ಹೊತ್ತಿಗೆ ಗಣತಿ ಮೇಷ್ಟ್ರು ಮತ್ತೆ ಬರಲಿ ಅಂತ ನಾನು ಬೇಡಿಕೊಂಡೆ. ಬರಲಿಲ್ಲ.

ಮೂರನೇ ದಿನ ಅತ್ತಿಗೆ ಬಂದರು. ಬಂದವರೇ ಡೇರಿ ಚೀಟಿ ನೋಡಿ, ಫ್ಯಾಟ್ ಯಾಕೆ ಕಮ್ಮಿ ಬಂದಿದೆ ಅಂತ ಕೇಳಿದರು. ಅಣ್ಣ ಮಾತು ಹಾರಿಸಿದ.

"ಮದುವೆ ಜೋರಾ ಅತ್ತಿಗೆ? ಆರಾಮಾಗಿದ್ರಾ?" ಅಂದೆ.

"ಹ್ಞೂಂ ಕಣಪ್ಪ, ಎರಡು ದಿನ ಏನೂ ಕೆಲಸ ಇರಲಿಲ್ಲ. ಸುಮ್ನೆ ಕೂತಿದ್ದೆ. ಒಂದು ಮುನ್ನೂರು ಒಬ್ಬಟ್ಟು ತಟ್ಟಿಕೊಟ್ಟೆ, ಅಷ್ಟೇ."

ಆಮೇಲೆ ಹಿತ್ತಲಿಗೆ ಹೋದರು. ಅಲ್ಲಿಂದಲೇ ಕೂಗು ಬಂತು. "ಅಲ್ಲಾ, ನನ್ನ ನೀಲಿ ನೈಟಿಗೆ ಸಗಣಿ ಹೆಂಗಾಯ್ತು?"

ಅಣ್ಣ ಎದ್ದ. ಪಹಣಿ ಜೆರಾಕ್ಸ್ ಮಾಡಿಸಬೇಕು ಅಂತ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟ.