ಹೊಸ ಹಾಟ್ ಹ್ಯಾಚ್‌ಗೆ ಮೊದಲ ವರ್ಷವೇ ಕೈ ಹಾಕಬೇಕೇ?

ನಮ್ಮಲ್ಲಿ ಸಂಬಳದಾರರ ಕೈಗೆ ಎಟುಕುವ ಹಾಟ್ ಹ್ಯಾಚ್ (ಜೋರಾಗಿ ಓಡುವ ಚಿಕ್ಕ ಹ್ಯಾಚ್‌ಬ್ಯಾಕ್ ಕಾರು) ಎಂದರೆ ಮೊದಲು ನೆನಪಾಗುವುದು 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್. 998 ಸಿಸಿಯ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್, 120 ಪಿಎಸ್, 172 ಎನ್‌ಎಂ ಟಾರ್ಕ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಯುರೋಪಿನವರಿಗೆ ಸಿಕ್ಕ 204 ಪಿಎಸ್‌ನ ಅಸಲಿ ಐ20 ಎನ್ ಇತ್ತ ಸುಳಿಯಲೇ ಇಲ್ಲ. ಇದನ್ನು ಹಾಟ್ ಹ್ಯಾಚ್ ಎಂದು ಒಪ್ಪದವರೂ ಇದ್ದಾರೆ, ಇರಲಿ. ಗಾಡಿ ಡೆಲಿವರಿ ಆಗುವ ಮೊದಲೇ ಏನೇನು ಹಾಕಿಸಬೇಕೆಂಬ ಪಟ್ಟಿ ಸಿದ್ಧವಾಗಿರುವುದಂತೂ ನಿಜ. ಆ ಪಟ್ಟಿಯನ್ನು ಮೊದಲ ವರ್ಷದಲ್ಲೇ ಜಾರಿಗೆ ತರಬೇಕೇ?

ಪರ: ಹೊಸತರಲ್ಲೇ ಮಾಡಿಸಿ, ಆದರೆ ಸರಿಯಾದ ಕಡೆ ದುಡ್ಡು ಹಾಕಿ

ಮಾಡಿಫಿಕೇಷನ್ ಎಂದೊಡನೆ ಸೈಲೆನ್ಸರ್ ಸದ್ದನ್ನೇ ನೆನೆಯುವುದು ಬೇಡ. ಮೊದಲ ದುಡ್ಡು ಟೈರಿಗೆ. ಗಾಡಿಯ ಜೊತೆ ಬರುವ 195/55 ಆರ್16 (ಅಗಲ 195 ಮಿ.ಮೀ., ಬದಿಯ ಎತ್ತರ ಅದರ ಶೇ 55, ರಿಂಗ್ 16 ಇಂಚು) ಟೈರುಗಳನ್ನು ಐನೂರು ಕಿ.ಮೀ. ಒಳಗೆ ಬಿಚ್ಚಿದರೆ ಅಂಗಡಿಯವನು ಒಳ್ಳೆಯ ಬೆಲೆಗೇ ತೆಗೆದುಕೊಳ್ಳುತ್ತಾನೆ. ಇಪ್ಪತ್ತು ಸಾವಿರ ಓಡಿದ ಮೇಲೆ ಕೇಳುವವರಿಲ್ಲ. ಅದೇ ರಿಂಗಿಗೆ 205/55 ಆರ್16 ಹಾಕಿದರೆ ಹೊರವ್ಯಾಸ 621 ಮಿ.ಮೀ.ನಿಂದ 632ಕ್ಕೆ ಏರುತ್ತದೆ, ಅಂದರೆ ಸುಮಾರು ಶೇ 1.8 ಹೆಚ್ಚು. ಮೊದಲು ನೂರರಲ್ಲಿ ಓಡುತ್ತಿದ್ದ ಗಾಡಿ ಸ್ಪೀಡೋಮೀಟರಿನ ಅದೇ ಅಂಕಿಗೆ ಈಗ 101.8ರಲ್ಲಿ ಓಡುತ್ತದೆ. ಪಿಕ್‌ಅಪ್ ಕೂದಲೆಳೆಯಷ್ಟು ಮಂದವಾಗುತ್ತದೆ. ಬದಲಿಗೆ ಸೈಡ್‌ವಾಲ್, ಅಂದರೆ ಟೈರಿನ ಬದಿಯ ಎತ್ತರ, 107ರಿಂದ 113 ಮಿ.ಮೀ. ಆಗುವುದರಿಂದ ಗುಂಡಿಗೆ ಬಿದ್ದಾಗ ರಿಂಗ್ ಉಳಿಯುವ ಸಾಧ್ಯತೆ ಹೆಚ್ಚು. ಟೈರು ಹೊರಬಲ್ಲ ತೂಕ ಹೇಳುವ ಲೋಡ್ ಇಂಡೆಕ್ಸ್ ಮಾತ್ರ ಕಂಪನಿಯದಕ್ಕಿಂತ ಕಡಿಮೆ ಇರಬಾರದು.

17 ಇಂಚಿನ ರಿಂಗ್ ಬೇಕೇಬೇಕು ಎನ್ನುವವರಿಗೆ 215/45 ಆರ್17 ವ್ಯಾಸದ ಲೆಕ್ಕದಲ್ಲಿ ಸರಿಹೊಂದುತ್ತದೆ (625 ಮಿ.ಮೀ.). ಆದರೆ ಸೈಡ್‌ವಾಲ್ 97ಕ್ಕೆ ಇಳಿಯುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಆ ಹತ್ತು ಮಿ.ಮೀ. ಕಳೆದುಕೊಂಡವರಿಗೆ ಟೈರಿನ ಬದಿಯಲ್ಲಿ ಎದ್ದ ಗುಳ್ಳೆಯ ಪರಿಚಯ ಬೇಗ ಆಗುತ್ತದೆ. ನನ್ನ ಮತ 16ಕ್ಕೇ.

ಬ್ರೇಕಿಗೆ ದೊಡ್ಡ ಡಿಸ್ಕ್ ಬೇಡ, ಒಳ್ಳೆಯ ಪ್ಯಾಡ್ ಸಾಕು. ಹಾಕಿದ ದಿನವೇ ಖಾಲಿ ರಸ್ತೆಯಲ್ಲಿ 60ರಿಂದ 15ರವರೆಗೆ ಹತ್ತು ಸಲ ವೇಗ ಇಳಿಸಿ, ನಡುವೆ ಎಲ್ಲೂ ಪೂರ್ತಿ ನಿಲ್ಲಿಸಬೇಡಿ. ಬಿಸಿ ಪ್ಯಾಡ್ ಒತ್ತಿ ಹಿಡಿದು ನಿಲ್ಲಿಸಿದರೆ ಅದರ ಪದರ ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ, ಚಾರ್ಮಾಡಿ ಇಳಿಯುವಾಗ ಪೆಡಲ್ ಕಾಲಡಿ ನಡುಗುತ್ತದೆ.

ಬಣ್ಣ ಕಾಯುವ ಪಿಪಿಎಫ್ ಫಿಲ್ಮ್‌ಗಂತೂ ಹೊಸ ಗಾಡಿಯೇ ಆಗಬೇಕು. ಗೀರು, ಕಲ್ಲೇಟು ಬಿದ್ದ ಮೇಲೆ ಹಾಕಿಸಿದರೆ ಗೀರನ್ನೇ ಜೋಪಾನ ಮಾಡಿದಂತೆ. ಇಡೀ ಗಾಡಿಗೆ ಬೇಕಿಲ್ಲ. ಮುಂದಿನ ಬಂಪರ್, ಬಾನೆಟ್, ಕನ್ನಡಿ, ಬಾಗಿಲ ಹಿಡಿಕೆಯ ಒಳಗುಳಿ, ಹಿಂಚಕ್ರದ ಮುಂದಿನ ಭಾಗಕ್ಕೆ 150ರಿಂದ 200 ಮೈಕ್ರಾನ್ ಫಿಲ್ಮ್ ಹಾಕಿಸಿ. ಪ್ಲಾಟರ್ ಯಂತ್ರದಲ್ಲಿ ಅಳತೆಗೆ ಮೊದಲೇ ಕತ್ತರಿಸಿ ತರುತ್ತಾರೋ, ಗಾಡಿಯ ಮೇಲಿಟ್ಟು ಬ್ಲೇಡಿನಲ್ಲಿ ಕೊಯ್ಯುತ್ತಾರೋ ಕೇಳಿ. ಎರಡನೆಯದಾದರೆ ಎದ್ದು ಬನ್ನಿ.

ಈ ಗಾಡಿಯ ಬೋಸ್ ಸ್ಪೀಕರ್ ಬದಲಿಸುವ ಮೊದಲು ಬಾಗಿಲಿಗೆ ಡ್ಯಾಂಪಿಂಗ್ ಶೀಟ್ ಹಾಕಿಸಿ ನೋಡಿ. 2 ಮಿ.ಮೀ. ಬ್ಯುಟೈಲ್ ಶೀಟನ್ನು ಬಾಗಿಲಿನ ಹೊರತಗಡಿನ ಒಳಮೈಗೆ ಹಚ್ಚಬೇಕು, ಮೂರನೇ ಒಂದು ಭಾಗ ಮುಚ್ಚಿದರೆ ಸಾಕು. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಆಮೇಲೆ ಅಂಟಿಸಿ, ಶೀಟಿನ ಉಬ್ಬುಗಳು ಚಪ್ಪಟೆಯಾಗುವ ತನಕ ರೋಲರ್ ಒತ್ತಬೇಕು. ಬಾಗಿಲಿನ ತಳದಲ್ಲಿ ನೀರು ಇಳಿಯುವ ಕಂಡಿಗಳಿವೆ, ಅವು ಮುಚ್ಚಿದರೆ ಮಳೆಗಾಲದಲ್ಲಿ ಬಾಗಿಲು ಬಿಂದಿಗೆಯಂತೆ ನೀರು ತುಂಬಿಕೊಂಡು ತುಕ್ಕು ಹಿಡಿಯುತ್ತದೆ. ಬಿಚ್ಚಿದ ತೇವತಡೆ ಹಾಳೆಯನ್ನು ಅಂಚಿನ ಸುತ್ತ ಒಂದೂ ಬಿರುಕಿಲ್ಲದಂತೆ ವಾಪಸ್ ಅಂಟಿಸದಿದ್ದರೆ ನೀರು ಕಾಲಡಿಯ ಮ್ಯಾಟಿಗೆ ಬರುತ್ತದೆ.

ಡ್ಯಾಶ್‌ಕ್ಯಾಮ್‌ಗೆ ವೈರ್ ಕೊಯ್ಯುವ ಅಗತ್ಯವೇ ಇಲ್ಲ. ಫ್ಯೂಸ್ ಟ್ಯಾಪ್ ಇದೆ: ಒಂದು ಸದಾ ಕರೆಂಟ್ ಇರುವ ಫ್ಯೂಸಿಗೆ, ಇನ್ನೊಂದು ಇಗ್ನಿಷನ್ ಆನ್ ಆದಾಗ ಮಾತ್ರ ಬರುವ ಫ್ಯೂಸಿಗೆ. ಮುಂಗಾಜಿನ ಪಕ್ಕದ ಮುಂಗಂಬದ ಒಳಗೆ ಕರ್ಟನ್ ಏರ್‌ಬ್ಯಾಗ್ ಇರುವುದರಿಂದ ವೈರ್ ಅದರ ಹಿಂದೆ ಹೋಗಬೇಕು. ಮುಂದೆ ಹಾದರೆ ಏರ್‌ಬ್ಯಾಗ್ ಬಿಚ್ಚುವಾಗ ಅಡ್ಡವಾಗುತ್ತದೆ. ಇವೆಲ್ಲ ಆರು ತಿಂಗಳು ಕಾದರೆ ಉತ್ತಮಗೊಳ್ಳುವ ಕೆಲಸಗಳಲ್ಲ.

ವಿರೋಧ: ಒಂದು ವರ್ಷ ಗಾಡಿಯನ್ನು ಇದ್ದ ಹಾಗೇ ಓಡಿಸಿ

ಫಿಲ್ಮ್, ಡ್ಯಾಶ್‌ಕ್ಯಾಮ್ ವಿಷಯದಲ್ಲಿ ತಕರಾರಿಲ್ಲ. ಆದರೆ ಯಾರ ಪಟ್ಟಿಯೂ ಅಲ್ಲಿಗೆ ನಿಲ್ಲುವುದಿಲ್ಲ. ಟೈರಾದ ಮೇಲೆ ಗಾಡಿ ಎತ್ತರ ಕಾಣುತ್ತದೆ ಎಂದು ಗಾಡಿಯನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಬರುತ್ತದೆ. 30 ಮಿ.ಮೀ. ಇಳಿಸಿದರೆ ಕಂಪನಿಯ ಶಾಕ್ ಅಬ್ಸಾರ್ಬರ್ ಕೊನೆಯ ತಡೆಯಾದ ಬಂಪ್ ಸ್ಟಾಪಿಗೆ ಸದಾ ಹತ್ತಿರದಲ್ಲೇ ಕೆಲಸ ಮಾಡಬೇಕು, ಹೀಗಾಗಿ ಬೇಗ ಸೋರುತ್ತದೆ. ಟೋ, ಕ್ಯಾಂಬರ್ ಎಂಬ ಚಕ್ರದ ಕೋನಗಳು ಬದಲಾಗಿ ಮುಂದಿನ ಟೈರಿನ ಒಳ ಅಂಚು ತಿನ್ನುತ್ತದೆ. ಮೊನ್ನೆ ತಾನೆ ದುಡ್ಡು ಸುರಿದ ಟೈರು ಅದು! ಜೊತೆಗೆ ನಮ್ಮೂರಿನ ಹಂಪುಗಳನ್ನು ಹಾಕಿದವರಿಗೆ ಅಳತೆಯ ಹಂಗಿಲ್ಲ. ನಾಲ್ಕು ಜನ ಕೂತರೆ ತಳ ಉಜ್ಜುವುದು ಖಚಿತ.

ಬೇರೆ ರಿಂಗಿನ ಕಥೆಯೂ ಅಷ್ಟೇ. ಐ20ಯ ಹಬ್ (ರಿಂಗ್ ಕೂರುವ ನಡುಭಾಗ) 54.1 ಮಿ.ಮೀ., ಬೋಲ್ಟ್ ಅಂತರ 4×100, ಅಂದರೆ 100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟ್. ಅಂಗಡಿಯ ರಿಂಗುಗಳ ನಡುತೂತು ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ಸರಿಯಾದ ಅಳತೆಯ ಹಬ್ ಬಳೆ ಹಾಕದಿದ್ದರೆ 80 ದಾಟಿದೊಡನೆ ಸ್ಟೀರಿಂಗ್ ಅದುರತೊಡಗುತ್ತದೆ. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ, ಏಕೆಂದರೆ ತಪ್ಪು ತೂಕದ್ದಲ್ಲ, ಕೇಂದ್ರದ್ದು.

ಪಟ್ಟಿಯ ಕೊನೆಯಲ್ಲಿ ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ (ಇಸಿಯು) ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವುದು, ಇದ್ದೇ ಇರುತ್ತದೆ. ಪರ ಬರೆದವರು ಅದರ ಹೆಸರೆತ್ತಲಿಲ್ಲ, ಜಾಣತನ. ನೇರ ಇಂಜೆಕ್ಷನ್ನಿನ ಚಿಕ್ಕ ಟರ್ಬೊ ಎಂಜಿನ್ನಿಗೆ ಕಡಿಮೆ ಆರ್‌ಪಿಎಂನಲ್ಲಿ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಏರಿಸಿದರೆ ಅಪಾಯ ಬೇರೆಯದೇ. ಆರನೇ ಗೇರಿನಲ್ಲಿ 1500 ಆರ್‌ಪಿಎಂನಿಂದ ಪೂರ್ತಿ ತುಳಿದಾಗ ಸ್ಪಾರ್ಕ್ ಬರುವ ಮುನ್ನವೇ ಪೆಟ್ರೋಲ್ ಹೊತ್ತಿಕೊಳ್ಳಬಹುದು. ಅಂಥ ಒಂದೇ ಏಟು ಪಿಸ್ಟನ್ನಿನ ಅಂಚು ಒಡೆಯಲು ಸಾಕು. ಹೈ ಆಕ್ಟೇನ್ ಪೆಟ್ರೋಲಿಗೆಂದು ಬರೆದ ಮ್ಯಾಪ್ ಇಟ್ಟುಕೊಂಡು ಊರ ಕಡೆಯ ಬಂಕಿನಲ್ಲಿ ಸಾದಾ ಪೆಟ್ರೋಲ್ ತುಂಬಿಸಿದರೆ ನಾಕ್ ಸೆನ್ಸರ್ ಸ್ಪಾರ್ಕಿನ ಟೈಮಿಂಗ್ ಹಿಂದಕ್ಕೆಳೆಯುತ್ತದೆ, ಕೊಂಡ ಶಕ್ತಿ ಅಲ್ಲೇ ಹೋಯಿತು. ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗಾಡಿಯಾದರೆ ಡ್ರೈ ಕ್ಲಚ್ಚಿಗೂ ಬಿಸಿ. ಸರ್ವಿಸ್‌ಗೆ ಮುನ್ನ ಹಳೇ ಮ್ಯಾಪ್ ವಾಪಸ್ ಹಾಕಿಸಿದರಾಯಿತು ಎನ್ನುವವರಿಗೆ ಒಂದು ಮಾತು: ಇಸಿಯುನಲ್ಲಿರುವ ಸಾಫ್ಟ್‌ವೇರಿನಿಂದ ಲೆಕ್ಕ ಹಾಕುವ ಕ್ಯಾಲಿಬ್ರೇಷನ್ ವೆರಿಫಿಕೇಷನ್ ನಂಬರ್ ಸ್ಕ್ಯಾನರಿಗೆ ಕಾಣುತ್ತದೆ. ಗಾಡಿ ಕೆಟ್ಟು ಟೋ ಆಗಿ ಸರ್ವಿಸ್ ಸೆಂಟರ್ ಸೇರುವ ದಿನ ಮ್ಯಾಪ್ ಬದಲಿಸಲು ಪುರುಸೊತ್ತು ಸಿಗುವುದಿಲ್ಲ.

ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಆರ್‌ಸಿ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸೈಲೆನ್ಸರ್ ಸದ್ದಿಗೆ 190(2)ರಡಿ 10,000ದವರೆಗೆ ದಂಡ ಬೇರೆ. ಹೆಚ್ಚುವರಿ ದೀಪ ಹಾಕಿಸುವವರು 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕಿದ್ದನ್ನು ನೆನಪಿಡಲಿ.

ವಿಮೆಯನ್ನು ಎಲ್ಲರೂ ಮರೆಯುತ್ತಾರೆ. ಕಂಪನಿಯ ಬೆಲೆಯಲ್ಲಿ ಸೇರದ ಎಲೆಕ್ಟ್ರಿಕಲ್ ಸಾಮಾನನ್ನು ಪಾಲಿಸಿಯಲ್ಲಿ ಐಎಂಟಿ 24 ಎಂಬ ಷರತ್ತಿನಡಿ ಬರೆಸಿ, ಅದರ ಬೆಲೆಯ ಶೇ 4ರಷ್ಟು ಪ್ರೀಮಿಯಂ ಕಟ್ಟಬೇಕು. 40,000ದ ಆಂಪ್ಲಿಫೈಯರಿಗೆ ವರ್ಷಕ್ಕೆ 1,600. ಬರೆಸದಿದ್ದರೆ ಕಳುವಾದಾಗ ಅದರ ದುಡ್ಡು ಬರುವುದಿಲ್ಲ. ಆ ಆಂಪ್ಲಿಫೈಯರಿನ ಅರ್ಥ್ ವೈರನ್ನು ನೇರ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ ಬಿಗಿಯುವ ಗ್ಯಾರೇಜುಗಳೇ ಹೆಚ್ಚು. ಐಡಲ್ ಸ್ಟಾಪ್ (ನಿಂತಾಗ ಎಂಜಿನ್ ತಾನಾಗಿ ಆರುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಅಲ್ಲೊಂದು ಬ್ಯಾಟರಿ ಸೆನ್ಸರ್ ಕೂತಿರುತ್ತದೆ. ಅದನ್ನು ದಾಟಿ ಹರಿದ ಕರೆಂಟ್ ಲೆಕ್ಕಕ್ಕೆ ಸಿಗದೆ, ಚಾರ್ಜಿಂಗ್ ತಪ್ಪಿ, ಬ್ಯಾಟರಿ ಸೊರಗುತ್ತದೆ. ಅರ್ಥ್ ಬಾಡಿಗೇ ಹೋಗಬೇಕು.

ಮೊದಲ ವರ್ಷ ಮಾಡಬೇಕಾದ್ದು ಅಳತೆ. ತಿಂಗಳಿಗೊಮ್ಮೆ ತಣ್ಣಗಿರುವಾಗ ಗಾಳಿ ನೋಡಿ. ಹತ್ತು ಸಾವಿರ ಕಿ.ಮೀ.ಗೆ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚಿನ ಆಳವನ್ನು ಗೇಜಿನಲ್ಲಿ ಅಳೆದು ಬರೆದಿಡಿ. ನಡು ಹೆಚ್ಚು ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಕಡಿಮೆ. ಒಂದೇ ಅಂಚು ಸವೆದಿದ್ದರೆ ಹೊಸ ಟೈರಿಗೆ ದುಡ್ಡು ಕೊಡುವ ಮೊದಲು ಅಲೈನ್‌ಮೆಂಟ್ ಮಾಡಿಸಿ, ಇಲ್ಲವಾದರೆ ಅದೂ ಹಾಗೇ ಸವೆಯುತ್ತದೆ.